ಭರಣಿಯಿಂದ ಮೃಗಶಿರದವರೆಗೆ: ಮಲೆನಾಡಿನ ಮನೆಯಲ್ಲಿ ಕುಂಡದ ಗಿಡ ನೋಡಿಕೊಳ್ಳುವುದು ಹೇಗೆ?

ನಮ್ಮ ಕಡೆ ಬೇಸಿಗೆ ನಿಧಾನಕ್ಕೆ ಮುಗಿಯುವುದಿಲ್ಲ. ಮೇ ಕೊನೆಯಲ್ಲಿ ತಾರಸಿ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ, ಜೂನ್ ಕೊನೆಗೆ ಅದೇ ತಾರಸಿಯಲ್ಲಿ ಪಾಚಿ ಕಟ್ಟಿ ಕಾಲು ಜಾರುತ್ತದೆ. ನೆಲದಲ್ಲಿರುವ ಗಿಡ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಬೇರು ಆಳಕ್ಕೆ ಇಳಿದು ತಂಪು ಹುಡುಕಿಕೊಳ್ಳುತ್ತದೆ, ಮಳೆ ಜಾಸ್ತಿಯಾದರೆ ನೀರು ಎಲ್ಲಾದರೂ ಹರಿದುಹೋಗುತ್ತದೆ. ಕುಂಡದ ಗಿಡಕ್ಕೆ ಎರಡೂ ದಾರಿ ಇಲ್ಲ. ಹಾಗಾಗಿ ಬೇಸಿಗೆಯ ಕೊನೆಯ ಆರೇಳು ವಾರ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಈಗ ಬೇರನ್ನು ತಂಪಾಗಿ ಇಡುವುದು ಒಂದು. ಅದಕ್ಕಾಗಿ ಕಟ್ಟಿದ್ದು, ಹೊದಿಸಿದ್ದು, ಇಟ್ಟಿದ್ದನ್ನೆಲ್ಲ ಮಳೆ ಹಿಡಿಯುವ ಮುಂಚೆ ಬಿಚ್ಚುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಮರೆಯುತ್ತಾರೆ. ಮೇ ತಿಂಗಳಲ್ಲಿ ಉಳಿದ ಗಿಡ ಜೂನ್‌ನಲ್ಲಿ ಕೊಳೆತು ಸಾಯುವುದು ಹೀಗೇ.

ದಿನ ಲೆಕ್ಕ ಹಾಕಲು ಮಳೆ ನಕ್ಷತ್ರಗಳೇ ಸಾಕು. ಭರಣಿ ಏಪ್ರಿಲ್ 27ರ ಸುಮಾರಿಗೆ ಹುಟ್ಟುತ್ತದೆ. ಮೇ 11ರ ಹೊತ್ತಿಗೆ ಕೃತ್ತಿಕಾ, 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಆಸುಪಾಸು ಮೃಗಶಿರಾ. ಭರಣಿ ಮಳೆ ಬಂದರೆ ಧರಣಿ ಬೆಳೆ ಅಂತ ಹಿರಿಯರು ಹೇಳುತ್ತಾರಲ್ಲ, ಅದು ಗದ್ದೆ-ತೋಟದ ಮಾತು. ಕುಂಡಕ್ಕೆ ಭರಣಿಯ ಒಂದು ಮಳೆ ನಂಬಿಕೊಂಡು ನೀರು ನಿಲ್ಲಿಸಿದರೆ ನಾಲ್ಕನೇ ದಿನ ಗಿಡ ಜೋತುಬೀಳುತ್ತದೆ.

ಇನ್ನೊಂದು ಮಾತು. ಶಿವಮೊಗ್ಗ ಪೇಟೆ ಮತ್ತು ಘಟ್ಟದ ಮೇಲಿನ ಊರು ಒಂದೇ ಅಲ್ಲ. ಪೇಟೆಯಲ್ಲಿ ಏಪ್ರಿಲ್-ಮೇ ಬಿಸಿಲು 36-37 ಡಿಗ್ರಿಗೆ ಹೋಗುವುದು ಮಾಮೂಲು, ಸುತ್ತ ಕಾಂಕ್ರೀಟು ಬೇರೆ. ತೀರ್ಥಹಳ್ಳಿ, ಹೊಸನಗರ ಕಡೆ ಮರದ ನೆರಳಿದೆ, ರಾತ್ರಿ ಸ್ವಲ್ಪ ತಂಪು. ಆದರೆ ಮಳೆ ಬಂತು ಅಂದರೆ ಲೆಕ್ಕವೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಪೇಟೆಯವರು ಈ ಲೇಖನದ ಮೊದಲ ಭಾಗವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಘಟ್ಟದ ಅಂಚಿನವರು ಕೊನೆಯ ಭಾಗವನ್ನು.

1. ಮೊದಲು ಕುಂಡದ ಜಾಗ ನೋಡಿ

ನೀರು ಹಾಕುವುದಕ್ಕಿಂತ ಮುಂಚಿನ ಕೆಲಸ ಇದು. ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ ಕುಂಡದ ಹೊರಮೈಯನ್ನು ಕೈಯಲ್ಲಿ ಮುಟ್ಟಿ ನೋಡಿ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಒಳಗೆ ಅಂಚಿಗೆ ಅಂಟಿಕೊಂಡ ಬೇರು ಬೇಯುತ್ತಿದೆ ಅಂತ ಅರ್ಥ. ಕುಂಡದ ಗಿಡದ ಎಳೆ ಬೇರು ಬಹುಪಾಲು ಇರುವುದು ಆ ಅಂಚಿನಲ್ಲೇ. ಕಪ್ಪು ಗ್ರೋ ಬ್ಯಾಗ್, ಪೇಂಟಿನ ಡಬ್ಬಿ, ಹಳೇ ಬಕೆಟ್ ಇವು ಬೇಗ ಕಾಯುತ್ತವೆ. ಮಣ್ಣಿನ ಕುಂಡ ಮೈಯಿಂದ ನೀರು ಆರಿಸಿಕೊಂಡು ತಂಪಾಗಿರುತ್ತದೆ, ಆದರೆ ಅಷ್ಟೇ ಬೇಗ ಒಣಗುತ್ತದೆ.

ಪಶ್ಚಿಮದ ಬಿಸಿಲು ನೇರ ಬೀಳುವ ಗೋಡೆಯ ಬುಡದಿಂದ ಕುಂಡಗಳನ್ನು ತೆಗೆಯಿರಿ. ಆ ಗೋಡೆ ರಾತ್ರಿ ಎಂಟಾದರೂ ಬಿಸಿ ಉಗುಳುತ್ತಿರುತ್ತದೆ. ಬೆಳಗಿನ ಬಿಸಿಲು ಹತ್ತೂವರೆವರೆಗೆ ಸಿಕ್ಕಿ ಆಮೇಲೆ ನೆರಳು ಬೀಳುವ ಜಾಗ ಒಳ್ಳೆಯದು. ಪೂರ್ವದ ಜಗುಲಿ, ಮಾವಿನ ಮರದ ಬುಡ, ನೀರಿನ ಟ್ಯಾಂಕಿನ ನೆರಳು, ಯಾವುದಾದರೂ ಸರಿ.

ತಾರಸಿ ನೆಲಕ್ಕೆ ಕುಂಡ ತಾಗಬಾರದು. ಎರಡು ಇಟ್ಟಿಗೆ ಸಾಕು. ಅಡಿಕೆ ಮರ ಸೀಳಿದ ದಬ್ಬೆ ಸಿಗುವವರು ನಾಲ್ಕು ದಬ್ಬೆ ಹಾಸಿ ಅದರ ಮೇಲೆ ಸಾಲಾಗಿ ಇಡಿ. ಕೆಳಗೆ ಗಾಳಿ ಆಡುತ್ತದೆ, ಮಳೆಗಾಲದಲ್ಲಿ ನೀರು ಬಸಿಯಲೂ ಅದೇ ಅನುಕೂಲ. ಬೇಸಿಗೆಗೆ ಮಾಡಿದ್ದನ್ನು ಮಳೆಗಾಲಕ್ಕೆ ಬಿಚ್ಚದೆ ಹಾಗೇ ಬಿಡಬಹುದಾದ ಕೆಲಸ ಅಂದರೆ ಇದೊಂದೇ.

ಕುಂಡಗಳನ್ನು ಒತ್ತೊತ್ತಾಗಿ ಗುಂಪು ಮಾಡಿ. ದೊಡ್ಡವು ಹೊರಗೆ, ಚಿಕ್ಕವು ನಡುವೆ. ಒಂದರ ಮೈಗೆ ಇನ್ನೊಂದು ನೆರಳಾಗುತ್ತದೆ. ಹೊರಸುತ್ತಿನ ಬ್ಯಾಗ್‌ಗಳಿಗೆ ಗೋಣಿಚೀಲ ಸುತ್ತಿ. ಒಣಗಿದ ಅಡಿಕೆ ಹಾಳೆ ಇದ್ದರೆ ಅದನ್ನೇ ನಿಲ್ಲಿಸಿ ಹಗ್ಗ ಕಟ್ಟಿದರೂ ಆಯ್ತು. ತಾರಸಿ ಪೂರ್ತಿ ಬಯಲಾಗಿದ್ದರೆ ಶೇಡ್ ನೆಟ್ ಬೇಕೇಬೇಕು. ತರಕಾರಿಗೆ 50 ಶೇಕಡಾ ನೆರಳಿನದು ಸಾಕು, 75ರದ್ದು ಆಂಥೂರಿಯಂ, ಜರೀಗಿಡದಂಥವಕ್ಕೆ. ನೆಟ್ಟನ್ನು ಗಿಡದ ತಲೆಗೆ ತಾಗಿಸಿ ಕಟ್ಟಬೇಡಿ, ಏಳೆಂಟು ಅಡಿ ಎತ್ತರ ಇರಲಿ. ಬಿಚ್ಚಲು ಸುಲಭವಾಗುವಂತೆ ಜಾರುಗಂಟು ಹಾಕಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

2. ನೀರು: ಎಷ್ಟು, ಯಾವಾಗ, ಹೇಗೆ

ದಿನಕ್ಕೆರಡು ಸಲ ಒಂದೊಂದು ಚೊಂಬು ಅಂತ ಲೆಕ್ಕ ಹಿಡಿದು ಹಾಕುವವರೇ ಜಾಸ್ತಿ. ಆ ಲೆಕ್ಕ ಗಿಡಕ್ಕೆ ಗೊತ್ತಿಲ್ಲ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ. ತೇವ ತಗುಲಿದರೆ ಇವತ್ತು ಬೇಡ. ಒಣಗಿದ್ದರೆ ಕೆಳಗಿನ ತೂತಿನಿಂದ ಹನಿ ಬರುವವರೆಗೆ ಹಾಕಿ. ಹತ್ತು-ಹನ್ನೆರಡು ಇಂಚಿನ ಕುಂಡಕ್ಕೆ ಒಂದರಿಂದ ಎರಡು ಲೀಟರ್ ಹಿಡಿಯುತ್ತದೆ. ಮೇಲೆ ಮೇಲೆ ಚಿಮುಕಿಸಿದರೆ ಬೇರೂ ಮೇಲೇ ಉಳಿಯುತ್ತದೆ, ಬಿಸಿಲಿಗೆ ಮೊದಲು ಸಾಯುವುದು ಅದೇ. ಚಿಕ್ಕ ಕುಂಡವಾದರೆ ಎತ್ತಿ ನೋಡಿ. ನೀರು ಕುಡಿದ ಕುಂಡದ ಭಾರ ಎಷ್ಟು, ಒಣಗಿದ್ದರ ಭಾರ ಎಷ್ಟು ಅಂತ ನಾಲ್ಕು ದಿನದಲ್ಲಿ ಕೈಗೆ ಅಂದಾಜು ಸಿಗುತ್ತದೆ.

ಹೊತ್ತು ಬೆಳಗ್ಗೆ ಎಂಟರ ಒಳಗೆ. ಸಣ್ಣ ಕುಂಡ, ಪುದೀನ, ಬಸಳೆಯಂಥ ನೀರು ಕುಡುಕ ಗಿಡಗಳಿಗೆ ಸಂಜೆ ಬಿಸಿಲಿಳಿದ ಮೇಲೆ ಇನ್ನೊಮ್ಮೆ. ಮಧ್ಯಾಹ್ನ ಎಲೆ ಜೋತುಬಿದ್ದಿದೆ ಅಂತ ಓಡಿಹೋಗಿ ನೀರು ಸುರಿಯಬೇಡಿ. ಕುಂಬಳ, ಸೌತೆ, ಬದನೆಯ ಅಗಲ ಎಲೆಗಳು ಉರಿ ಬಿಸಿಲಲ್ಲಿ ಹಾಗೇ ಬಾಡಿ ಸಂಜೆಗೆ ತಾವಾಗಿ ಎದ್ದು ನಿಲ್ಲುತ್ತವೆ. ಬೆಳಗ್ಗೆ ಆರಕ್ಕೂ ಜೋತುಬಿದ್ದೇ ಇದ್ದರೆ ಮಾತ್ರ ತೊಂದರೆ. ಆಗಲೂ ಮೊದಲು ಬೆರಳು ತೂರಿಸಿ ನೋಡಿ. ಮಣ್ಣು ಒದ್ದೆಯಿದ್ದೂ ಬಾಡಿದ್ದರೆ ಬೇರು ಕೊಳೆತಿದೆ. ಅದಕ್ಕೆ ಮತ್ತೆ ನೀರು ಹಾಕಿದರೆ ಕಥೆ ಮುಗಿಯಿತು.

ತಾರಸಿಯ ಕಪ್ಪು ಟ್ಯಾಂಕು, ಬಿಸಿಲಲ್ಲಿ ಬಿದ್ದ ಪೈಪು, ಇವುಗಳ ಮೊದಲ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಬಕೆಟ್ಟಿಗೆ ಹಿಡಿದು ಪಕ್ಕಕ್ಕಿಡಿ, ಆರಿದ ಮೇಲೆ ಹಾಕಿ.

ಇನ್ನು ಏಪ್ರಿಲ್-ಮೇ ತಿಂಗಳಿನ ದೊಡ್ಡ ಮೋಸ ಒಂದಿದೆ. ಕೋಕೋಪಿಟ್, ಅಂದರೆ ತೆಂಗಿನ ನಾರಿನ ಪುಡಿ, ಜಾಸ್ತಿ ಹಾಕಿದ ಕುಂಡ ಒಂದೆರಡು ದಿನ ಪೂರ್ತಿ ಒಣಗಿತು ಅನ್ನಿ. ಮಣ್ಣು ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಸುತ್ತ ಕಡ್ಡಿ ತೂರುವಷ್ಟು ಸಂದು. ನೀವು ನೀರು ಹಾಕಿದ ಕೂಡಲೇ ಅದು ಆ ಸಂದಿನಲ್ಲಿ ಸರ್ರನೆ ಇಳಿದು ತಳದಿಂದ ಹರಿದು ಬರುತ್ತದೆ. ಓ, ಸಾಕಾಯ್ತು ಅಂದುಕೊಂಡು ಮುಂದಿನ ಕುಂಡಕ್ಕೆ ಹೋಗುತ್ತೀರಿ. ನಡುವಿನ ಬೇರಿನ ಮುದ್ದೆಗೆ ಮಾತ್ರ ಒಂದು ಹನಿಯೂ ತಾಗಿರುವುದಿಲ್ಲ. ಮೇಲ್ಮಣ್ಣನ್ನು ಅರ್ಧ ಇಂಚು ಕೆದಕಿ ನೋಡಿದರೆ ಒಳಗೆ ಪುಡಿಪುಡಿ ಧೂಳು. ದಿನಾ ನೀರು ಹಾಕುತ್ತೇನೆ, ಆದರೂ ಗಿಡ ಒಣಗುತ್ತಿದೆ ಅನ್ನುವವರ ಮನೆಯಲ್ಲಿ ಬಹಳ ಸಲ ಆಗಿರುವುದು ಇದೇ. ಎತ್ತಲು ಬರುವ ಕುಂಡವಾದರೆ ನೀರು ತುಂಬಿದ ಬಕೆಟ್ಟಿನಲ್ಲಿ ಇಳಿಸಿ ಇಡಿ. ಗುಳುಗುಳು ಅಂತ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆ, ಅಂದರೆ ಹದಿನೈದು-ಇಪ್ಪತ್ತು ನಿಮಿಷಕ್ಕೆ, ಎತ್ತಿ ಬಸಿಯಲು ಬಿಡಿ. ದೊಡ್ಡ ಕುಂಡಕ್ಕೆ ಕಡ್ಡಿಯಿಂದ ಅಲ್ಲಲ್ಲಿ ತೂತು ಮಾಡಿ, ಹತ್ತು ನಿಮಿಷ ಬಿಟ್ಟು ಬಿಟ್ಟು ಮೂರು ಸಲ ಸ್ವಲ್ಪ ಸ್ವಲ್ಪ ನೀರು ಹಾಕಿ. ಆಮೇಲೆ ಅಂಚಿನ ಸಂದಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ ಅದುಮಿ.

ಬಾವಿ ತಳ ಕಂಡಿರುವ ಹೊತ್ತು, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಅಕ್ಕಿ ತೊಳೆದ ನೀರು, ತರಕಾರಿ-ಸೊಪ್ಪು ತೊಳೆದ ನೀರು ಧಾರಾಳವಾಗಿ ಹಾಕಬಹುದು. ಅಕ್ಕಿ ನೀರನ್ನು ಅವತ್ತಿಂದವತ್ತೇ ಹಾಕಿ, ಹುಳಿ ಬಂದರೆ ವಾಸನೆ, ನೊಣ. ಉಪ್ಪು ಹಾಕಿ ಬೇಯಿಸಿದ ನೀರು, ಸೋಪಿನಪುಡಿ ನೀರು ಬೇಡ. ನೀರು ಶುದ್ಧ ಮಾಡುವ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಲವಣ ಜಾಸ್ತಿ. ಅದನ್ನೇ ದಿನಾ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಎಲೆ ಅಂಚು ಸುಡುತ್ತದೆ. ನೆಲ ಒರೆಸಲು ಇಟ್ಟುಕೊಳ್ಳಿ.

ಮದುವೆ, ಉಪನಯನ ಅಂತ ಮೂರ್ನಾಲ್ಕು ದಿನ ಊರು ಬಿಡುವ ಕಾಲವೂ ಇದೇ ಅಲ್ವಾ? ಹೊರಡುವ ಹಿಂದಿನ ದಿನ ಕುಂಡಗಳನ್ನೆಲ್ಲ ನೆರಳಿಗೆ ತಂದು ಗುಂಪು ಮಾಡಿ, ತುಂಬ ನೀರು ಹಾಕಿ. ನಡುವೆ ಒಂದು ಸ್ಟೂಲಿನ ಮೇಲೆ ನೀರು ತುಂಬಿದ ಬಕೆಟ್ ಇಡಿ. ಹಳೇ ಕಾಟನ್ ಸೀರೆಯನ್ನು ಎರಡು ಬೆರಳಗಲ ಸೀಳಿ, ಒದ್ದೆ ಮಾಡಿ, ಒಂದು ತುದಿ ಬಕೆಟ್ಟಿನ ತಳಕ್ಕೆ, ಇನ್ನೊಂದು ತುದಿ ಕುಂಡದ ಮಣ್ಣಿನಲ್ಲಿ ಎರಡು ಇಂಚು ಆಳಕ್ಕೆ ಹೂಳಿ. ಪಾಲಿಯೆಸ್ಟರ್ ಸೀರೆ ಬೇಡ, ಕಾಟನ್ನಿನಷ್ಟು ನೀರು ಹೀರುವುದಿಲ್ಲ. ದೊಡ್ಡ ಗ್ರೋ ಬ್ಯಾಗ್‌ಗೆ ಸಣ್ಣ ಮಡಕೆಯನ್ನು ಕುತ್ತಿಗೆವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ ಮೈಯಿಂದ ಜಿನುಗಿ ಮೂರ್ನಾಲ್ಕು ದಿನ ತೇವ ಕಾಯುತ್ತದೆ. ಎಣ್ಣೆ ಪಸೆ ಇರುವ ಹಳೇ ಅಡುಗೆ ಮಡಕೆ ಬೇಡ, ಹೊಸದೇ ಇರಲಿ.

3. ಹೊದಿಕೆ

ಈ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು. ದರಗು ಬೇಕಾದಷ್ಟಿದೆ. ಒಣ ಎಲೆಯನ್ನು ಕೈಯಲ್ಲಿ ಪುಡಿಮಾಡಿ ಎರಡು ಇಂಚು ದಪ್ಪ ಹೊದಿಸಿ. ಕಾಂಡದ ಸುತ್ತ ಎರಡು ಬೆರಳು ಜಾಗ ಬಿಡಿ. ಒಣ ಹುಲ್ಲು, ತೆಂಗಿನ ಸಿಪ್ಪೆಯ ಚೂರು, ಅಡಿಕೆ ಸಿಪ್ಪೆ ಯಾವುದಾದರೂ ಆಗುತ್ತದೆ. ಹೊದಿಕೆ ಹಾಕಿದ ಮೇಲೂ ಬೆರಳು ತೂರಿಸುವುದನ್ನು ಬಿಡಬೇಡಿ. ಮೇಲಿನ ಎಲೆ ಒಣಗಿದ್ದು ನೋಡಿ ನೀರು ಹಾಕುತ್ತಾ ಹೋದರೆ ಒಳಗೆ ಕೆಸರಾಗಿರುತ್ತದೆ.

4. ಗೊಬ್ಬರದಲ್ಲಿ ಕೈ ಹಿಡಿತ ಇರಲಿ

ಸೊರಗಿದ ಗಿಡ ಕಂಡರೆ ಗೊಬ್ಬರ ಹಾಕಲು ಕೈ ತುರಿಸುತ್ತದೆ. ಉರಿ ಬಿಸಿಲಲ್ಲಿ ಗಿಡ ತಿನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಹಸಿ ಹಿಂಡಿ, ಅರೆಬರೆ ಕಳಿತ ಸಗಣಿ ಗೊಬ್ಬರ ಕುಂಡದೊಳಗೇ ಕಾವು ಎಬ್ಬಿಸುತ್ತವೆ. ಯೂರಿಯಾ ಅಂತೂ ಬೇಡವೇ ಬೇಡ. ಹದಿನೈದು ದಿನಕ್ಕೊಮ್ಮೆ ತೆಳ್ಳಗಿನ ದ್ರವ ಗೊಬ್ಬರ ಸಾಕು. 100 ಗ್ರಾಂ ಶೇಂಗಾ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರ್ನಾಲ್ಕು ದಿನ ನೆನೆಸಿ, ಸೋಸಿ, ಹತ್ತು ಪಾಲು ನೀರು ಬೆರೆಸಿ ಹಾಕಿ. ಮೊದಲು ಬರೀ ನೀರು, ಆಮೇಲೆ ಇದು. ಒಣ ಮಣ್ಣಿಗೆ ನೇರ ಹಾಕಬಾರದು.

ಕೊಟ್ಟಿಗೆ ಇರುವ ಮನೆಯಾದರೆ ಜೀವಾಮೃತವೇ ಸುಲಭ. 20 ಲೀಟರ್ ನೀರಿಗೆ ಒಂದು ಕಿಲೋ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಯಾವುದಾದರೂ ಬೇಳೆ ಹಿಟ್ಟು, ಒಂದು ಹಿಡಿ ತೋಟದ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುಗಿಸಿದರೆ 48 ಗಂಟೆಯಲ್ಲಿ ಸಿದ್ಧ. ಕುಂಡಕ್ಕೆ ಹಾಕುವಾಗ ಇದಕ್ಕೂ ಹತ್ತು ಪಾಲು ನೀರು.

ಬಚ್ಚಲ ಒಲೆಯ ಬೂದಿ ತರಕಾರಿ ಗಿಡಕ್ಕೆ ಒಳ್ಳೆಯ ಪೊಟ್ಯಾಷ್. ನಮ್ಮ ಕೆಂಪು ಮಣ್ಣಿನ ಹುಳಿಯನ್ನೂ ತಗ್ಗಿಸುತ್ತದೆ. ತಿಂಗಳಿಗೊಂದು ಹಿಡಿ, ಅಷ್ಟೇ. ಹುಳಿ ಮಣ್ಣು ಇಷ್ಟಪಡುವ ಆಂಥೂರಿಯಂ ಹತ್ತಿರ ಬೂದಿ ಒಯ್ಯಬೇಡಿ. ಸಗಣಿ ಗೊಬ್ಬರದ ಜೊತೆ ಒಂದೇ ದಿನ ಬೆರೆಸಿ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ನಡುವೆ ಎರಡು ವಾರ ಅಂತರ ಇರಲಿ.

5. ಈಗ ಏನು ಬೆಳೆಯುತ್ತದೆ, ಏನು ಬೇಡ

ಟೊಮೆಟೊ ಗಿಡ ಹೂ ಬಿಟ್ಟು ಉದುರಿಸುತ್ತಿದೆ ಅಂತ ಮೇ ತಿಂಗಳಲ್ಲಿ ಎಲ್ಲರದೂ ಒಂದೇ ದೂರು. ಹಗಲು 32-35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇದ್ದರೆ ಟೊಮೆಟೊ ಹೂವಿನ ಪರಾಗ ಕೆಲಸಕ್ಕೆ ಬರುವುದಿಲ್ಲ. ಔಷಧಿ ಹೊಡೆದು ಪ್ರಯೋಜನ ಇಲ್ಲ. ಗಿಡ ಚೆನ್ನಾಗಿದ್ದರೆ ನೆರಳಲ್ಲಿಟ್ಟು ಕಾಯಿರಿ, ಸೊರಗಿದ್ದರೆ ಕಿತ್ತು ಕುಂಡ ಖಾಲಿ ಮಾಡಿ. ಕಾಯಿಯ ತಳ ಕಪ್ಪಾಗಿ ಕೊಳೆಯುತ್ತಿದ್ದರೆ ಅದಕ್ಕೆ ಹೆಚ್ಚಾಗಿ ಕಾರಣ ಒಂದು ದಿನ ಬರ, ಒಂದು ದಿನ ಪ್ರವಾಹ ಅನ್ನುವಂಥ ನೀರು. ನೀರು ಏರುಪೇರಾದರೆ ಸುಣ್ಣದ ಅಂಶ ಕಾಯಿಯ ತುದಿ ತಲುಪುವುದಿಲ್ಲ.

ಕೊತ್ತಂಬರಿ, ಪಾಲಕ್ ಈ ಸೆಕೆಗೆ ಕಡ್ಡಿ ಎದ್ದು ಹೂವಿಗೆ ಹೋಗುತ್ತವೆ, ಸುಮ್ನೆ ಒದ್ದಾಡಬೇಡಿ. ಹರಿವೆ, ಬಸಳೆ, ಬೆಂಡೆ, ಅಲಸಂದೆ, ಬದನೆ ಬಿಸಿಲಿಗೆ ಹೆದರುವುದಿಲ್ಲ. ಹರಿವೆ ಬೀಜ ಚೆಲ್ಲಿದರೆ 25-30 ದಿನಕ್ಕೆ ಪಲ್ಯಕ್ಕೆ ಬರುತ್ತದೆ. ದೊಡ್ಡಪತ್ರೆ, ಒಂದೆಲಗ ನೆರಳಲ್ಲಿದ್ದರೆ ಮಧ್ಯಾಹ್ನದ ತಂಬುಳಿಗೆ ಕೊರತೆಯಿಲ್ಲ. ಒಂದೆಲಗಕ್ಕೆ ಮಾತ್ರ ನೀರು ತಪ್ಪಬಾರದು.

ಸೌತೆ, ಕುಂಬಳ, ಹಾಗಲ ಹೂ ಬಿಟ್ಟೂ ಕಾಯಿ ಕಚ್ಚದಿದ್ದರೆ ಜೇನು ಬರುತ್ತಿಲ್ಲ ಅಂತ. ನೀವೇ ಕೈ ಹಾಕಿ. ಹೂವಿನ ಹಿಂದೆ ಪುಟಾಣಿ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಗಂಡು ಹೂ ಕಿತ್ತು ದಳ ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆತ್ತಗೆ ಸವರಿ. ಈ ಮೂರಕ್ಕೆ ಬೆಳಗ್ಗೆ ಒಂಬತ್ತರ ಒಳಗೆ. ಹೀರೆ, ಸೋರೆ ಹೂ ಅರಳುವುದೇ ಸಂಜೆ, ಅವಕ್ಕೆ ಸಂಜೆ. ಚಪ್ಪಟೆ ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಟ್ಟರೆ ಜೇನು ಕುಡಿಯಲು ಬರುತ್ತದೆ. ದಿನಾ ನೀರು ಬದಲಿಸಿ.

ಗುಲಾಬಿ, ದಾಸವಾಳವನ್ನು ಈಗ ಮೋಟು ಮಾಡಿ ಕತ್ತರಿಸಬೇಡಿ. ಒಣ ಕಡ್ಡಿ, ಬಾಡಿದ ಹೂ ತೆಗೆದರೆ ಸಾಕು. ಬದನೆ ಗಿಡ ಹಳೆಯದಾಗಿದ್ದರೆ ಮಾತ್ರ ಕೃತ್ತಿಕಾ ಮಳೆಯ ಹೊತ್ತಿಗೆ ನೆಲದಿಂದ ಮುಕ್ಕಾಲು ಅಡಿ ಬಿಟ್ಟು ಕತ್ತರಿಸಿ. ಮಳೆ ಬೀಳುತ್ತಿದ್ದಂತೆ ಹೊಸ ಚಿಗುರು ಬರುತ್ತದೆ.

6. ಎಲೆಯ ಅಡಿಭಾಗ ನೋಡಿ

ಒಣ ಹವೆಗೆ ನುಸಿ ಬರುತ್ತದೆ. ಎಲೆ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆ, ಅಡಿಯಲ್ಲಿ ತೆಳು ಬಲೆ. ಬಿಳಿ ಹಾಳೆ ಹಿಡಿದು ಎಲೆಯನ್ನು ತಟ್ಟಿ. ಉದುರಿದ ಧೂಳಿನಲ್ಲಿ ಕೆಂಪು ಚುಕ್ಕೆ ಓಡಾಡಿದರೆ ಕೆಂಪು ನುಸಿ. ಮೆಣಸಿನ ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದ್ದರೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ, ಕೆಳಮುಖ ಮುದುಡಿದ್ದರೆ ನುಸಿ. ಎರಡಕ್ಕೂ ಮೊದಲ ಮದ್ದು ನೀರು. ಬೆಳಗ್ಗೆ ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದು ಎಲೆಯ ಅಡಿಗೆ ರಭಸವಾಗಿ ಚಿಮ್ಮಿಸಿ, ನಾಲ್ಕು ದಿನ ಬಿಡದೆ. ಬಗ್ಗದಿದ್ದರೆ ಬೇವಿನ ಎಣ್ಣೆ. 5 ಎಂಎಲ್ ಎಣ್ಣೆಗೆ ಮೊದಲು ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕಲಸಿ, ಬೆಳ್ಳಗಾದ ಮೇಲೆ ಒಂದು ಲೀಟರ್ ನೀರು ಸೇರಿಸಿ. ಸಂಜೆ ಮಾತ್ರ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದ್ದರೆ ಹಳೇ ಬ್ರಷ್ಷಿನಿಂದ ಸೋಪುನೀರಲ್ಲಿ ಉಜ್ಜಿ. ಜೊತೆಗೆ ಇರುವೆ ಸಾಲು ಇದ್ದೇ ಇರುತ್ತದೆ. ತಿಗಣೆಯ ಸಿಹಿ ರಸಕ್ಕಾಗಿ ಇರುವೆಯೇ ಅದನ್ನು ಕಾಯುತ್ತದೆ. ಇರುವೆ ಹತ್ತುವ ದಾರಿ ಕಡಿಯದೆ ಎಷ್ಟು ಉಜ್ಜಿದರೂ ಅಷ್ಟೇ.

ಮಂಗನ ವಿಷಯದಲ್ಲಿ ಸಲಹೆ ಕೊಡುವವರು ಬಹಳ, ಪರಿಹಾರ ಕಂಡವರು ಕಡಿಮೆ. ಕಾಯಿ ಬಿಟ್ಟ ಕುಂಡಗಳನ್ನು ಬಾಗಿಲ ಹತ್ತಿರ, ಓಡಾಟ ಇರುವ ಕಡೆ ಇಡಿ. ಮೇಲೆ ಬಲೆ ಹಾಕಿ. ಕಾಡಿನಂಚಿನ ಮನೆಯಾದರೆ ಸೂಜಿಮೆಣಸು, ಅರಿಶಿನ, ಶುಂಠಿ, ದೊಡ್ಡಪತ್ರೆಗೆ ಜಾಸ್ತಿ ಜಾಗ ಕೊಡುವುದು ಜಾಣತನ. ತಿನ್ನುವುದು ಕಡಿಮೆ, ಕಿತ್ತೆಸೆಯುವುದಿಲ್ಲ ಅಂತ ಮಾತ್ರ ಹೇಳಲಾರೆ.

7. ಖಾಲಿ ಕುಂಡದ ಮಣ್ಣು ಬಿಸಿಲಿಗೆ ಹಾಕಿ

ಈ ಬಿಸಿಲಿನಿಂದ ಒಂದು ಉಪಕಾರ ಇದೆ ಅಂದರೆ ಇದು. ಕಿತ್ತ ಟೊಮೆಟೊ, ಬೆಂಡೆ ಗಿಡದ ಬೇರು ನೋಡಿ. ಮಣಿ ಪೋಣಿಸಿದ ಹಾಗೆ ಗಂಟುಗಂಟಾಗಿದ್ದರೆ ಮಣ್ಣಿನಲ್ಲಿ ಜಂತುಹುಳ ಇದೆ. ಆ ಮಣ್ಣಿಗೆ ಹಾಗೇ ಹೊಸ ಗಿಡ ನೆಟ್ಟರೆ ಅದೂ ಹೋಗುತ್ತದೆ.

ತಾರಸಿಯ ಮೇಲೆ ಪ್ಲಾಸ್ಟಿಕ್ ಹಾಸಿ, ಹಳೇ ಮಣ್ಣಿನ ಬೇರು-ಕಲ್ಲು ತೆಗೆದು ಅರ್ಧ ಅಡಿ ದಪ್ಪಕ್ಕೆ ಹರಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ನೀರು ಚಿಮುಕಿಸಿ. ಒಣ ಮಣ್ಣಿಗೆ ಕಾವು ಒಳಗಿಳಿಯುವುದಿಲ್ಲ. ಮೇಲೆ ಪಾರದರ್ಶಕ ಶೀಟು ಮುಚ್ಚಿ, ಸುತ್ತ ಅಂಚಿಗೆ ಇಟ್ಟಿಗೆ ಹೇರಿ ಗಾಳಿ ಆಡದಂತೆ ಮಾಡಿ. ಕಪ್ಪು ಶೀಟು ಬೇಡ, ಬಿಸಿಲು ಒಳಗೆ ಹೋಗಬೇಕು. ನಾಲ್ಕರಿಂದ ಆರು ವಾರ ಬಿಟ್ಟರೆ ಹುಳ, ಕೊಳೆ ರೋಗದ ಶಿಲೀಂಧ್ರ, ಕಳೆ ಬೀಜ ಬಹುಪಾಲು ಸಾಯುತ್ತವೆ. ಭರಣಿಗೆ ಶುರು ಮಾಡಿದರೆ ಮಳೆ ಹಿಡಿಯುವಷ್ಟರಲ್ಲಿ ಸರಿಹೋಗುತ್ತದೆ.

ಹೀಗೆ ಮಾಡಿದ ಮಣ್ಣಿನಲ್ಲಿ ಒಳ್ಳೆಯ ಜೀವಾಣುಗಳೂ ಕಡಿಮೆಯಾಗಿರುತ್ತವೆ. ಒಂದು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಸುಟ್ಟ ಭತ್ತದ ಹೊಟ್ಟು ಬೆರೆಸಿ. ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಮಳೆಗಾಲದ ಮಿಶ್ರಣದಲ್ಲಿ ಕೋಕೋಪಿಟ್ ಕಡಿಮೆ ಇರಲಿ. ತಳದಲ್ಲಿ ಮೂರು ಇಂಚು ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಜಾಗವೂ ಕಡಿಮೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಇಟ್ಟರೆ ಸಾಕು.

8. ಮಳೆಗೆ ಮುಂಚೆ ನೆಡುವವು

ಶುಂಠಿ, ಅರಿಶಿನವನ್ನು ಭರಣಿ-ಕೃತ್ತಿಕಾದಲ್ಲಿ ನೆಡಬಹುದು. ಒಂದೆರಡು ಮೊಳಕೆ ಕಣ್ಣಿರುವ, 25-30 ಗ್ರಾಂ ತೂಗುವ ತುಂಡು ಸಾಕು. ಆಳಕ್ಕಿಂತ ಅಗಲ ಇರುವ ಬ್ಯಾಗ್ ಬೇಕು. ಹಿಂದಿನ ವರ್ಷ ಶುಂಠಿ ಕೊಳೆತ ಮಣ್ಣಿನಲ್ಲಿ ಮತ್ತೆ ಶುಂಠಿ ಬೇಡ.

ಬೆಂಡೆ, ಅಲಸಂದೆ, ಹೀರೆ, ಹಾಗಲ ಬೀಜ ರೋಹಿಣಿಯಲ್ಲಿ ಊರಿ. ಜಡಿಮಳೆ ಶುರುವಾಗುವಷ್ಟರಲ್ಲಿ ಗಿಡಕ್ಕೆ ನಾಲ್ಕಾರು ಎಲೆ ಬಂದಿರಬೇಕು. ಬೆಂಡೆ ಬೀಜ ರಾತ್ರಿ ನೆನೆಹಾಕಿ. ಹಾಗಲದ್ದು ದಪ್ಪ ಸಿಪ್ಪೆ, ತುದಿಯನ್ನು ಸ್ವಲ್ಪ ಒಡೆದು ಒಂದು ದಿನ ನೆನೆಸಿ. ಬೀಜಕ್ಕೆ ಅಂಗಡಿಗಿಂತ ಪಕ್ಕದ ಮನೆಯ ಹಿತ್ತಿಲು ವಾಸಿ. ನಮ್ಮ ಮಳೆ ಕಂಡ ತಳಿ ಅಲ್ಲಿರುತ್ತದೆ. ಶಿರಸಿಯ ವನಸ್ತ್ರೀ ಬಳಗದಂಥವರು ಮಲೆನಾಡಿನ ಹಿತ್ತಿಲ ಬೀಜಗಳನ್ನು ಹೀಗೇ ಕೈಯಿಂದ ಕೈಗೆ ದಾಟಿಸಿ ಉಳಿಸಿದ್ದಾರೆ.

ಇನ್ನು ಡೇರೆ, ಅಂದರೆ ಡೇಲಿಯಾ. ಮಳೆಗಾಲದಲ್ಲಿ ಡೇರೆ ಹೂ ಇಲ್ಲದ ಅಂಗಳ ಅಂಗಳವೇ ಅಲ್ಲ ಅನ್ನುವವರು ನಮ್ಮಲ್ಲಿ ಬಹಳ ಮಂದಿ. ಮರಳಿನಲ್ಲೋ ಬೂದಿಯಲ್ಲೋ ಹೂತಿಟ್ಟ ಗೆಡ್ಡೆಯನ್ನು ಮೇ ಎರಡನೇ ವಾರ ತೆಗೆದು ನೋಡಿ. ಗೆಡ್ಡೆ ಎಷ್ಟೇ ದಪ್ಪ ಇರಲಿ, ಅದರ ಕುತ್ತಿಗೆಯಲ್ಲಿ ಹಳೇ ಕಾಂಡದ ಚೂರು ಅಂಟಿಕೊಂಡಿರಬೇಕು. ಕಣ್ಣು ಒಡೆಯುವುದು ಅಲ್ಲೇ. ಕಾಂಡದ ಚೂರಿಲ್ಲದ ಗೆಡ್ಡೆ ಮೊಳೆಯುವುದಿಲ್ಲ. ಯಾರಾದರೂ ಗೆಡ್ಡೆ ಕೊಟ್ಟರೆ ಮೊದಲು ಕುತ್ತಿಗೆ ನೋಡಿ ತಗೊಳ್ಳಿ. ಅಕ್ಕಿಕಾಳಿನಷ್ಟು ಕೆಂಪು ಅಥವಾ ಹಸಿರು ಮೊಳಕೆ ಕಂಡರೆ ನೆಡಲು ಸಿದ್ಧ. ಸುಕ್ಕಾಗಿದ್ದರೆ ಪರವಾಗಿಲ್ಲ, ಮೆತ್ತಗಾಗಿದ್ದರೆ ಎಸೆಯಿರಿ. ಹನ್ನೆರಡು ಇಂಚಿನ ಕುಂಡದಲ್ಲಿ ಮೊದಲು ಆನಿಕೆ ಕೋಲು ಊರಿ, ಆಮೇಲೆ ಗೆಡ್ಡೆ ಇಡಿ. ಆಮೇಲೆ ಕೋಲು ಚುಚ್ಚಲು ಹೋದರೆ ಗೆಡ್ಡೆಯನ್ನೇ ತಿವಿದುಬಿಡುತ್ತೀರಿ. ಕಣ್ಣು ಮೇಲೆ ಮಾಡಿ, ಎರಡು-ಮೂರು ಇಂಚು ಮಣ್ಣು ಮುಚ್ಚಿ. ಚಿಗುರು ಕಾಣುವವರೆಗೆ ಮಣ್ಣು ಒಣಗದಷ್ಟು ತೇವ ಸಾಕು, ನೀರು ಸುರಿಯಬಾರದು. ನಾಲ್ಕು ಜೊತೆ ಎಲೆ ಬಂದಾಗ ನೆತ್ತಿ ಚಿವುಟಿ. ಚಿವುಟದಿದ್ದರೆ ಒಂದೇ ಕಡ್ಡಿ ಉದ್ದ ಹೋಗಿ ಮೊದಲ ಗಾಳಿಗೆ ಮುರಿಯುತ್ತದೆ.

9. ಮೊದಲ ಗುಡುಗು ಕೇಳಿದ ಮೇಲೆ

ಮೇ ತಿಂಗಳ ಸಂಜೆಮಳೆ ಬರೀ ನೀರಲ್ಲ. ಗಾಳಿ, ಗುಡುಗು, ಕೆಲವೊಮ್ಮೆ ಆಲಿಕಲ್ಲು. ಶೇಡ್ ನೆಟ್ ಗಾಳಿ ತುಂಬಿಕೊಂಡು ಕಂಬವನ್ನೇ ಕೀಳುತ್ತದೆ. ಜಾರುಗಂಟು ಹಾಕಿ ಅಂದಿದ್ದು ಇದಕ್ಕೇ. ಮೋಡ ಕಪ್ಪಾದ ತಕ್ಷಣ ಒಂದು ಬದಿ ಬಿಚ್ಚಿ ಸುತ್ತಿಬಿಡಿ. ಸಿಡಿಲು ಶುರುವಾದ ಮೇಲೆ ತಾರಸಿಗೆ ಹೋಗಬೇಡಿ, ಗಿಡ ಹೋದರೆ ಹೋಗಲಿ. ಕಟ್ಟೆಯ ಮೇಲಿಟ್ಟ ಕುಂಡಗಳನ್ನು ಮೇ ಮೊದಲ ವಾರವೇ ಕೆಳಗಿಳಿಸಿ.

ಮುಂಗಾರು ಹಿಡಿಯಿತು ಅನ್ನಿಸಿದ ಕೂಡಲೇ ಬಿಚ್ಚುವ ಕೆಲಸ. ಕುಂಡದಡಿಯ ತಟ್ಟೆ ಎಲ್ಲ ತೆಗೆಯಿರಿ. ನಿಂತ ನೀರಲ್ಲಿ ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಒಂದು ವಾರ-ಹತ್ತು ದಿನ ಸಾಕು. ಗೋಣಿಚೀಲ, ಅಡಿಕೆ ಹಾಳೆ ಕಳಚಿ. ದಪ್ಪ ದರಗಿನ ಹೊದಿಕೆಯನ್ನು ಎತ್ತಿ ಗೊಬ್ಬರದ ಗುಂಡಿಗೆ ಹಾಕಿ, ಮಣ್ಣು ಕಾಣದಷ್ಟು ತೆಳು ಪದರ ಮಾತ್ರ ಉಳಿಸಿ. ಶುಂಠಿ, ಅರಿಶಿನಕ್ಕೆ ಹೊದಿಕೆ ಇರಲಿ, ಅವಕ್ಕೆ ಬೇಕು. ಹೂತ ಮಡಕೆ ಇದ್ದರೆ ಕಿತ್ತು ತೊಳೆದು ಒಣಗಿಸಿ.

ಪ್ರತಿ ಕುಂಡವನ್ನೂ ಓರೆ ಮಾಡಿ ತಳದ ತೂತು ನೋಡಿ. ಬೇಸಿಗೆಯಲ್ಲಿ ಬೇರು ತೇವ ಹುಡುಕಿ ತೂತಿನೊಳಗೆ ನುಗ್ಗಿ ಬಿರಡೆ ಹಾಕಿದ ಹಾಗೆ ಕೂತಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಬಿಡಿಸಿ. ಘಟ್ಟದ ಕಡೆಯವರು ಗ್ರೋ ಬ್ಯಾಗಿಗೆ ಬದಿಯಲ್ಲಿ, ತಳದಿಂದ ಒಂದು ಇಂಚು ಮೇಲೆ, ಇನ್ನೂ ನಾಲ್ಕು ತೂತು ಹೊಡೆಯಿರಿ. ಪರೀಕ್ಷೆ ಸುಲಭ: ಒಂದು ಚೊಂಬು ನೀರು ಸುರಿಯಿರಿ. ಒಂದು ನಿಮಿಷದಲ್ಲಿ ಮೇಲಿನ ನೀರು ಇಂಗದಿದ್ದರೆ ಆ ಕುಂಡ ಮೃಗಶಿರಾದ ನಂತರದ ಆರಿದ್ರಾ ಮಳೆ ದಾಟುವುದಿಲ್ಲ.

ಮೆಣಸು, ಟೊಮೆಟೊ, ಗುಲಾಬಿ, ಕಳ್ಳಿ ಜಾತಿಯವು ಮಾಡಿನ ಕೆಳಗೆ ಬರಲಿ. ಬಸಳೆ, ಕೆಸು, ಡೇರೆ, ದಾಸವಾಳ ಮಳೆಯಲ್ಲೇ ಇರಲಿ. ಗೊಬ್ಬರ ಒಮ್ಮೆಲೇ ಜಾಸ್ತಿ ಹಾಕಿದರೆ ಮಳೆ ತೊಳೆದು ಒಯ್ಯುತ್ತದೆ, ಹೊಳವಾದ ದಿನ ನೋಡಿ ಸ್ವಲ್ಪ ಸ್ವಲ್ಪ ಕೊಡಿ.

ಮಳೆ ಬಿದ್ದ ವಾರದೊಳಗೆ ಬಸವನಹುಳು ಬರುತ್ತದೆ. ಹೊಸ ಬೆಂಡೆ ಸಸಿಯನ್ನು ಒಂದೇ ರಾತ್ರಿಯಲ್ಲಿ ಕಡ್ಡಿ ಮಾಡಿಡುತ್ತದೆ. ಸಂಜೆ ಒಂದು ಒದ್ದೆ ಗೋಣಿಚೀಲದ ಕೆಳಗೆ ಎಲೆಕೋಸಿನ ಎಲೆ, ಪಪ್ಪಾಯಿ ಸಿಪ್ಪೆ ಇಡಿ. ಬೆಳಗ್ಗೆ ಎತ್ತಿದರೆ ಎಲ್ಲ ಅಲ್ಲೇ ಸೇರಿರುತ್ತವೆ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ನೇರ ಕುಂಡಕ್ಕೆ ಚೆಲ್ಲಬೇಡಿ, ಹುಳದ ಜೊತೆ ಗಿಡವೂ ಹೋಗುತ್ತದೆ.

ಕುಂಡ ಬದಲಿಸುವುದು, ಕಡ್ಡಿ ನೆಡುವುದು ಎರಡಕ್ಕೂ ಮೃಗಶಿರಾದ ಮೊದಲ ವಾರ ಒಳ್ಳೆಯ ಹೊತ್ತು. ದಾಸವಾಳ, ನಂದಿಬಟ್ಟಲು, ಮಲ್ಲಿಗೆಯ ಪೆನ್ಸಿಲ್ ದಪ್ಪದ ಕಡ್ಡಿಯನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ಊರಿ. ಒಂದು ಕುಂಡದಲ್ಲಿ ಐದಾರು ಕಡ್ಡಿ ಹಿಡಿಯುತ್ತವೆ. ಚಿಗುರು ಬಂತು ಅಂತ ಎಳೆದು ನೋಡಬೇಡಿ. ಎಲೆ ಮೊದಲು ಬರುತ್ತದೆ, ಬೇರು ಆಮೇಲೆ. ತಿಂಗಳು ಕಳೆದ ಮೇಲೆ ಬೇರೆ ಬೇರೆ ಮಾಡಿ ನೆಟ್ಟರಾಯಿತು.